ಮೀಸೆ ಬೋಳಿಸಿಕೊಂಡು ಪರದೇಶಕ್ಕೆ ಹೋದದ್ದು

ಮೈಸೂರಿನಿಂದ ಹೊಸಪೇಟೆಗೆ ಹೋಗಿಬಂದದ್ದನ್ನು ಪರದೇಶ ಪ್ರವಾಸ ಎಂದರೆ ನಮ್ಮ ಬೀದಿಯವರು ನಗುತ್ತಾರೆ. ನಗಲಿ. ಅವರು ನಂಜನಗೂಡಿನ ಆಚೆ ಕಂಡವರಲ್ಲ. ನಾನು ನಮ್ಮ ಮಹಾರಾಜರ ಸೀಮೆ ಬಿಟ್ಟು ಮದ್ರಾಸ್ ಸರ್ಕಾರದ ಜಿಲ್ಲೆಗೆ ಹೋದೆ. ಅಲ್ಲಿಂದ ಒಂದು ಗುಡ್ಡ ಹತ್ತಿಳಿದರೆ ಸೊಂಡೂರು, ಅಲ್ಲಿ ಬೇರೆ ರಾಜರು. ಹಂಪಿಯ ಹೊಳೆಯ ಆಚೆ ದಡ ನಿಜಾಮರದು. ಅಲ್ಲಿಗೂ ಹೋಗುವವನಿದ್ದೆ, ಹರಿಗೋಲು ಒಂದು ಸುತ್ತು ತಿರುಗಿದ್ದನ್ನು ದಡದಲ್ಲೇ ನಿಂತು ನೋಡಿ, ಎರಡು ಸರ್ಕಾರ ಸಾಕು ಎಂದುಕೊಂಡೆ.

ನಾನು ಹಾರ್ಮೋನಿಯಂ ನುಡಿಸುವವನು. ಕಂಪ್ಲಿಯ ಅಕ್ಕಿ ಗಿರಣಿಯ ಸಿದ್ಧಲಿಂಗಪ್ಪನವರಿಗೆ ಆ ವರ್ಷ ಒಂದು ಹುಚ್ಚು ಹತ್ತಿತ್ತು: ಸುಗ್ಗಿ ಮುಗಿದ ಮೇಲೆ ಒಂದು ತಿಂಗಳು ಮೇಳ ನಡೆಸಬೇಕು. ಹೊಸಪೇಟೆಯಲ್ಲಿ ಸಂಗೀತ, ಕಂಪ್ಲಿಯಲ್ಲಿ ನೃತ್ಯ, ಸೊಂಡೂರಿನಲ್ಲಿ ಕಂಪನಿ ನಾಟಕ, ಕೊನೆಗೆ ಹಂಪಿಯಲ್ಲಿ ಮೆಟ್ರಿ ಊರವರ ಬಯಲಾಟ. ನಾಲ್ಕಕ್ಕೂ ಒಬ್ಬನೇ ಪೆಟ್ಟಿಗೆ ಮಾಸ್ತರ ಇರಲಿ ಎಂದು ನನಗೆ ಕಾಗದ ಬರೆಸಿದರು.

ಹೊರಡುವಾಗಿನ ನನ್ನ ಅವತಾರವನ್ನು ಹೇಳಿಬಿಡಬೇಕು. ತಿಂಗಳ ಹಿಂದೆ ವಿಷಮಜ್ವರ ಬಂದು ತಲೆ ಬೋಳಿಸಿದ್ದರು. ಕೂದಲು ಇನ್ನೂ ಬ್ರಷ್ಷಿನಂತೆ ನಿಂತಿತ್ತು. ಮೀಸೆಯನ್ನಂತೂ ನಾನು ಬೆಳೆಯಲು ಬಿಟ್ಟವನೇ ಅಲ್ಲ, ಬೋಳಿಸುವುದೇ ನಾಗರಿಕತೆ ಎಂದು ತಿಳಿದಿದ್ದೆ.

ಇನ್ನೊಂದು ಮಾತು. ನನ್ನ ತಂದೆ ವೈಣಿಕರು. ಹಾರ್ಮೋನಿಯಂ ಅವರ ಬಾಯಲ್ಲಿ 'ಆ ಪೆಟ್ಟಿಗೆ'. ಮೂರು ವರ್ಷಗಳ ಹಿಂದೆ ನಾನು ಆ ಪೆಟ್ಟಿಗೆ ಕೊಂಡ ದಿನದಿಂದ ನಮಗೆ ಮಾತಿಲ್ಲ, ನಾನು ಬೇರೆ ಬೀದಿಯಲ್ಲಿ ಮನೆ ಮಾಡಿದ್ದೆ. ನಾನು ಜ್ವರದಲ್ಲಿ ಮಲಗಿದ್ದಾಗ ಅವರು ಬಾಗಿಲವರೆಗೆ ಬಂದು ಹೋದರಂತೆ. ಒಳಗೆ ಬರಲಿಲ್ಲ, ಒಳಗೆ ಪೆಟ್ಟಿಗೆ ಇತ್ತು.

ಹೊಸಪೇಟೆ

ರೈಲಿಳಿದು ಟೋಪಿ ತೆಗೆದು ಬೆವರು ಒರೆಸಿಕೊಂಡೆ. ಟಾಂಗಾದವನು ನನ್ನ ತಲೆ ನೋಡಿದ, ಮೂಗಿನ ಕೆಳಗೆ ನೋಡಿದ, ಸೇದುತ್ತಿದ್ದ ಬೀಡಿಯನ್ನು ಎಸೆದ.

"ತಂದಿ ಹೋಗಿ ಎಷ್ಟು ದಿನಾತ್ರಿ?" ಎಂದ.

"ನಮ್ಮ ತಂದೆ ಎಲ್ಲೂ ಹೋಗಿಲ್ಲ. ಮೈಸೂರಿನಲ್ಲಿ ಚೆನ್ನಾಗಿದ್ದಾರೆ" ಎಂದೆ.

ಅವನು ಮೆಲ್ಲಗೆ ತಲೆಯಾಡಿಸಿದ. "ಮೊದಮೊದಲು ಹಂಗ ಅನಿಸ್ತತಿರಿ. ನಮ್ಮಪ್ಪ ಹೋದಾಗ ನಾನೂ ತಿಂಗಳತನಕ ಹೊಲಕ್ಕ ಹೋಗ್ಯಾನ ಅಂತಿದ್ದೆ." ನನ್ನ ಪೆಟ್ಟಿಗೆಯನ್ನು ತಾನೇ ಎತ್ತಿಟ್ಟು, ದಾರಿಯುದ್ದಕ್ಕೂ ಕುದುರೆಯನ್ನು ಒಂದು ಸಲವೂ ಬೈಯದೆ ಹೊಡೆದ.

ಬಿಡಾರದಲ್ಲಿ ಸಿದ್ಧಲಿಂಗಪ್ಪನವರೂ ನನ್ನನ್ನು ನೋಡಿದವರೇ ಮುಖ ಸಣ್ಣ ಮಾಡಿಕೊಂಡು, "ಇಂಥಾ ಹೊತ್ತಿನಾಗ ಬರಬಾರದಿತ್ತರಿ ಮಾಸ್ತರ" ಎಂದರು. ಜ್ವರದ ಕಥೆಯನ್ನೆಲ್ಲ ಹೇಳಿದ ಮೇಲೆ ಅವರಿಗೆ ನಗು ಬಂತು.

"ನಮ್ಮ ಕಡೆ ತಂದಿ ಇರೋತನಕ ಮಗ ಮೀಸಿ ತೆಗೆಯಂಗಿಲ್ಲರಿ. ಮೀಸಿ ಹೋತು ಅಂದ್ರ ತಂದಿ ಹೋದ ಅಂತ. ನೀವು ಊರ ಮಂದಿಗೆಲ್ಲ ಎಷ್ಟಂತ ಹೇಳ್ತೀರಿ? ಸುಮ್ಮನಿದ್ದು ಬಿಡ್ರಿ."

ನಾನು ಸುಮ್ಮನಿರುವ ಜಾತಿಯವನಲ್ಲ. ಎರಡು ದಿನ ಸೋಡಾ ಅಂಗಡಿಯವನಿಗೆ, ಅಗಸನಿಗೆ, ತಬಲದವರಿಗೆ ನನ್ನ ತಂದೆ ಬದುಕಿರುವುದನ್ನು ರುಜುವಾತು ಮಾಡಿ ಗಂಟಲು ಕಟ್ಟಿತು. ಮೂರನೆಯ ದಿನ ಕಚೇರಿಯಲ್ಲಿ ಎರಡು ಕಡೆ ಸ್ವರ ತಪ್ಪಿದೆ. ನಮ್ಮ ಮೈಸೂರಿನಲ್ಲಾಗಿದ್ದರೆ ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದು ಕೆಮ್ಮು ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಎಷ್ಟೋ ವಿದ್ವಾಂಸರು ಊರು ಬಿಟ್ಟಿದ್ದಾರೆ. ಇಲ್ಲಿ ಒಬ್ಬ ಮುದುಕ ಪಕ್ಕದವನಿಗೆ, "ಪಾಪ, ತಂದಿ ನೆಪ್ಪಾಗಿರಬೇಕು" ಎಂದ. ಎದ್ದುಬಂದು ನುಡಿಸುತ್ತಿದ್ದ ನನ್ನ ಕೈಗೆ ಒಂದು ಬಾಳೆಹಣ್ಣನ್ನೂ ಇಟ್ಟ. ಅಂದಿನಿಂದ ಯಾರನ್ನೂ ತಿದ್ದುವ ಗೋಜಿಗೆ ಹೋಗಲಿಲ್ಲ.

ಕಡ್ಡಿರಾಂಪುರ

ಕಚೇರಿಗಳ ನಡುವೆ ಒಂದು ದಿನ ಬಿಡುವು ಸಿಕ್ಕಿತು. ಹಂಪಿ ನೋಡೋಣ ಎಂದು ನಡೆದುಕೊಂಡೇ ಹೊರಟೆ. ಕಡಲೆ ಹುರಿಯುವಂಥ ಬಿಸಿಲು. ಕಡ್ಡಿರಾಂಪುರದಲ್ಲಿ ಒಂದು ಬೇವಿನ ಮರದ ಕೆಳಗೆ ಕೂತೆ. ಎದುರು ಮನೆಯ ಮುದುಕಿ ನೋಡಿದಳು. ಹೆಸರು ಗಂಗಮ್ಮ ಎಂದು ಆಮೇಲೆ ತಿಳಿಯಿತು.

ನಮ್ಮ ಕಡೆ ಬಾಗಿಲಲ್ಲಿ ನಿಂತವನನ್ನು "ಊಟ ಆಗಿರಬೇಕಲ್ಲ?" ಎಂದು ಕೇಳುತ್ತೇವೆ. ಆಗಿದೆ ಎಂಬುದೇ ಅದಕ್ಕೆ ಉತ್ತರ. ಇಲ್ಲ ಎಂದವನು ಮರ್ಯಾದೆಯಿಲ್ಲದವನು. ಗಂಗಮ್ಮ ಏನನ್ನೂ ಕೇಳಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೆಂಬು ಮಜ್ಜಿಗೆ ತಂದಿಟ್ಟು ಎದುರಿಗೇ ಕೂತಳು.

"ತಂದಿ ಹೆಂಗಿದ್ನಪ್ಪ?" ಎಂದಳು.

ಬಾಯಲ್ಲಿ ರೊಟ್ಟಿ ಇತ್ತು, ವಾದ ಮಾಡುವ ಶಕ್ತಿ ಇರಲಿಲ್ಲ. "ವೀಣೆ ನುಡಿಸುತ್ತಿದ್ದರು" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಬೆಳಿಗ್ಗೆ ಐದಕ್ಕೆ ಎದ್ದು ಶ್ರುತಿ ಮಾಡುತ್ತಿದ್ದರು. ನಾನು ಚಿಕ್ಕವನಿದ್ದಾಗ ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ, ನನಗೆ ಎಚ್ಚರವಾಗಬಾರದು ಎಂದು ತಾರಸ್ಥಾಯಿಗೆ ಹೋಗುತ್ತಲೇ ಇರಲಿಲ್ಲ" ಎಂದೆ.

ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಭಾಳ ಚಲೋ ಮನಷ್ಯಾ ಇದ್ದ" ಎಂದಳು.

ಬದುಕಿರುವ ತಂದೆಯನ್ನು ಒಂದು ಚೆಂಬು ಮಜ್ಜಿಗೆಗೆ ಸಾಯಿಸಿದೆನಲ್ಲ ಎಂದು ನಾಚಿಕೆಯಾಯಿತು. ಹಂಪಿಯಲ್ಲಿ ಆ ದಿನ ಏನೇನು ನೋಡಿದೆನೋ ನೆನಪಿಲ್ಲ. ಕಲ್ಲುಗಳಿದ್ದವು.

ಕಂಪ್ಲಿ, ಮೆಟ್ರಿ

ಕಂಪ್ಲಿಯಲ್ಲಿ ಸಂಜೆ ಹೊತ್ತು ನೃತ್ಯ. ಹಗಲು ಸಿದ್ಧಲಿಂಗಪ್ಪನವರ ಕಮಾನು ಬಂಡಿಯಲ್ಲಿ ಮೆಟ್ರಿಗೆ ಹೋಗಿ ಬಯಲಾಟದ ತಾಲೀಮಿಗೆ ಕೂರುತ್ತಿದ್ದೆ. ಆಟದ ರಾಜ ಹನುಮಪ್ಪ, ಅರವತ್ತು ದಾಟಿದ ಒಕ್ಕಲಿಗ. ಅವನ ಮಗ ವಿರುಪಣ್ಣನೇ ರಾಣಿ.

ವಿರುಪಣ್ಣನ ಕಂಠದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಮೈಸೂರಿನವರು ನಂಬುವುದಿಲ್ಲ. ಆ ರಾಣಿ ಕಾಡಿನಲ್ಲಿ ಗಂಡನನ್ನು ಹುಡುಕುತ್ತಾ ಹಾಡಿದರೆ ನನ್ನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಡುತ್ತಿತ್ತು. ಆದರೆ ತಲೆಯೆತ್ತಿ ನೋಡಿದರೆ ಮೂಗಿನ ಕೆಳಗೆ ಅಡಕತ್ತರಿಯಂಥ ಮೀಸೆ. ಅದನ್ನು ಸೆರಗಿನ ತುದಿಯಿಂದ ಮುಚ್ಚಿಕೊಂಡು ಹಾಡುತ್ತಿದ್ದ, ಕೈ ಸೋತಾಗ ಬಿಟ್ಟುಬಿಡುತ್ತಿದ್ದ.

"ರಾಣಿಗೆ ಮೀಸೆಯಿದ್ದರೆ ನೋಡುವವರು ನಗುವುದಿಲ್ಲವೆ?" ಎಂದು ಹನುಮಪ್ಪನನ್ನು ಕೇಳಿದೆ.

"ಯಾಕ ನಗ್ತಾರ್ರಿ? ಮಂದಿಗೆ ಗೊತ್ತೈತಿ, ಅವರಪ್ಪ ಅದಾನ ಅಂತ. ಹಾಡೋದು ಬಾಯಿ, ಮೀಸಿ ಏನು ಹಾಡ್ತತೇನ್ರಿ?"

ನಾನು ಎಂಟು ದಿನ ಬಿಡದೆ ಬೇತಾಳದ ಹಾಗೆ ಬೆನ್ನು ಹತ್ತಿದೆ. ಹಂಪಿಗೆ ಬಳ್ಳಾರಿಯಿಂದಲೂ ಜನ ಬರುತ್ತಾರೆ, ಅವರೆದುರು ಈ ಕಂಠ ಸೆರಗಿನ ಹಿಂದೆ ಸಾಯಬಾರದು ಎಂದೆ. ಕೊನೆಗೆ ಹನುಮಪ್ಪ ಒಂದು ಷರತ್ತಿನ ಮೇಲೆ ಒಪ್ಪಿದ.

"ಆಟದ ದಿನ ಮುಂಜಾನಿ ತೆಗೆಸ್ರಿ. ಅದಕ್ಕಿಂತ ಒಂದು ದಿನ ಮೊದಲು ಬ್ಯಾಡ. ಆಟ ಸುರು ಆಗೋ ಮುಂದ ನಾ ರಂಗದ ಅಟ್ಟದ ಮ್ಯಾಲೆ ನಿಂತು, ನಾ ಇದ್ದೀನಿ ಅಂತ ಮಂದಿಗೆ ಮಾರಿ ತೋರಿಸ್ತೀನಿ."

ಆ ಆಟದಲ್ಲಿ ಇನ್ನೊಂದು ವಿಚಿತ್ರವಿತ್ತು. ರಾಜನಿಗೆ ಬೇಗಡೆ ಹಚ್ಚಿದ, ಕನ್ನಡಿ ಚೂರಿನ ಅಂದವಾದ ಕಿರೀಟ. ಕೈಯಲ್ಲಿ ಮಾತ್ರ ಎತ್ತು ಹೊಡೆಯುವ ಬಾರುಕೋಲು. ಖಡ್ಗ ಎಲ್ಲಿ ಎಂದರೆ ಎಲ್ಲರೂ ಆಕಾಶ ನೋಡುತ್ತಿದ್ದರು. ಕಡೆಗೆ ವಿರುಪಣ್ಣ ಹೇಳಿದ. ಅಜ್ಜ ರಾಜನ ಪಾತ್ರ ಮಾಡುತ್ತಿದ್ದನಂತೆ. ಅವನು ತೀರಿದ ಮೇಲೆ ಹನುಮಪ್ಪ ಕಿರೀಟ ಇಟ್ಟುಕೊಂಡು, ತಮ್ಮ ತಿಪ್ಪಣ್ಣ ಖಡ್ಗ ಹಿಡಿದು, ಇಬ್ಬರೂ ರಾಜರಾಗಿ ಒಂದೇ ಅಟ್ಟ ಹತ್ತಿದರು. ಒಬ್ಬಳೇ ರಾಣಿ, ಇಬ್ಬರು ಗಂಡಂದಿರು. ಜನ ಭಾಳ ಸಂತೋಷದಿಂದ ನೋಡಿದರು. ಮರುದಿನ ತಿಪ್ಪಣ್ಣ ಖಡ್ಗ ಸಮೇತ ಹೆಂಡತಿಯ ಊರಾದ ಸೊಂಡೂರಿಗೆ ಹೋದವನು ಹನ್ನೆರಡು ವರ್ಷವಾದರೂ ಈ ಕಡೆ ತಿರುಗಿ ನೋಡಿಲ್ಲ.

ಮುಂದಿನ ವಾರ ನಾನು ಸೊಂಡೂರಿಗೆ ಹೊರಡುವವನು ಎಂದು ತಿಳಿದು, ಹನುಮಪ್ಪ ನನ್ನನ್ನು ದನದ ಕೊಟ್ಟಿಗೆಯ ಹಿಂದಕ್ಕೆ ಕರೆದ. ತಲೆ ಕೆರೆದು ಕೆರೆದು ಮಾತು ಹೊರಡಿಸಿದ.

"ನನಗ ವಯಸ್ಸಾತು ಮಾಸ್ತರ. ಇನ್ನೆಷ್ಟು ಆಟ ಆಡ್ತೀನೋ. ಒಮ್ಮೆ ಅಂವ ಬಂದು ನನ್ನ ಬಾಜೂಕ ನಿಂತ್ರ ಸಾಕಿತ್ತು. ಇದನ್ನ ಅವಗ ಹೇಳಬ್ಯಾಡ್ರಿ, ದೊಡ್ಡಾಂವ ನಾನು. ಸುಮ್ಮನ ಖಡ್ಗಕ್ಕ ತುಕ್ಕು ಹಿಡದೈತೇನು, ಅಷ್ಟ ನೋಡಿ ಬರ್ರಿ."

ಸೊಂಡೂರು

ಸೊಂಡೂರಿನ ದಾರಿಯ ಕೆಂಪು ಮಣ್ಣು ನನ್ನ ಪಂಚೆಗೆ ಹಿಡಿದದ್ದು ಇಂದಿಗೂ ಹೋಗಿಲ್ಲ. ನಾಟಕ ಚೆನ್ನಾಗಿ ನಡೆಯಿತು. ಅದರ ಬಗ್ಗೆ ಬೇರೆಯವರು ಬರೆಯಲಿ. ನಾನು ತಿಪ್ಪಣ್ಣನನ್ನು ಹುಡುಕಿಕೊಂಡು ಹೋದೆ.

ತಿಪ್ಪಣ್ಣ ಹನುಮಪ್ಪನ ಅಚ್ಚು, ಮೀಸೆಯೂ ಅಷ್ಟೇ ಅಗಲ. ಬಾಗಿಲಲ್ಲೇ ನನ್ನ ತುಟಿ ನೋಡಿ ಮರುಗಿ, ಕಾಲು ತೊಳೆಯಲು ನೀರು ಕೊಡಿಸಿ, ಕಂಬಳಿ ಹಾಸಿದ. ನಾನು ಮೆಟ್ರಿಯ ಹೆಸರೆತ್ತಿದೆ.

"ಅಂವ ಹೇಳಿ ಕಳಿಸ್ಯಾನೇನು?" ಎಂದು ಕೇಳಿದ.

ಮಾತು ಕೊಟ್ಟಿದ್ದೆನಲ್ಲ. "ಇಲ್ಲ" ಎಂದೆ. ಅವನ ಮುಖ ಇಳಿಯಿತು.

"ಹಂಗಾದ್ರ ನಾ ಯಾಕ ಹೋಗ್ಲಿರಿ? ಕಿರೀಟ ಅವನ ಕಡೆ ಐತಿ. ಬಾ ಅನ್ನೋದು ಕಿರೀಟ ಇದ್ದಾಂವ."

ಖಡ್ಗ ತೋರಿಸು ಎಂದರೆ ಅದು ಮನೆಯ ಅಟ್ಟದ ಮೇಲೆಲ್ಲೋ ಬಿದ್ದಿದೆ, ಯಾರಿಗೆ ಬೇಕು ಅದು ಎಂದ. ಬೀಳ್ಕೊಡುವಾಗ ಮಾತ್ರ, ಅಣ್ಣನ ಕೆಮ್ಮು ಹೇಗಿದೆ ಎಂದು ಎರಡು ಸಲ ಕೇಳಿದ. ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕೆನಿಸಿತು. ನಾನೇ ಮೂರು ವರ್ಷದಿಂದ ಎರಡು ಬೀದಿ ಆಚೆ ಕೂತವನು ಎಂಬುದು ಬಂಡಿ ಗುಡ್ಡ ಇಳಿಯುವಾಗ ನೆನಪಾಯಿತು.

ಚಿತ್ತವಾಡ್ಗಿ

ಇನ್ನು ನನ್ನ ಘನಕಾರ್ಯ. ಹಂಪಿಯ ಆಟಕ್ಕೆ ಹತ್ತು ದಿನವಿದ್ದಾಗ ಸಿದ್ಧಲಿಂಗಪ್ಪನವರು ಹೊಸಪೇಟೆಯಲ್ಲಿ ಒಬ್ಬ ಫೋಟೋದವರನ್ನು ಗೊತ್ತು ಮಾಡಿದರು. ರಾಣಿಯ ಫೋಟೋ ತೆಗೆಸಿ ಅಂಗಡಿಗಳ ಮುಂದೆ ತೂಗುಹಾಕುವ ಯೋಚನೆ. ವಿರುಪಣ್ಣ ಸೀರೆಯುಟ್ಟು ನಿಂತ. ಫೋಟೋದವರು ಕಪ್ಪು ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, "ಇದು ರಾಣಿಯೋ ರಾಜನೋ?" ಎಂದು ಕೇಳಿದರು.

ನನಗೆ ತಡೆಯಲಾಗಲಿಲ್ಲ. ವಿರುಪಣ್ಣನನ್ನು ಎಳೆದುಕೊಂಡು ಪಕ್ಕದ ಚಿತ್ತವಾಡ್ಗಿಯ ಒಬ್ಬ ಕ್ಷೌರಿಕನ ಮುಂದೆ ಕೂರಿಸಿದೆ. ಅಪ್ಪನ ಷರತ್ತು ಎಂದು ಅವನು ಗೊಣಗಿದ. ಹತ್ತು ದಿನ ಮುಖಕ್ಕೆ ಟವಲು ಸುತ್ತಿಕೋ, ಹಲ್ಲುನೋವು ಎನ್ನು ಎಂದೆ. ನಿಜ ಹೇಳಬೇಕೆಂದರೆ, ಒಳ್ಳೆಯ ರಾಣಿಯಾಗಿ ಕಾಣುವ ಆಸೆ ಅವನಿಗೂ ಇತ್ತು.

ಕ್ಷೌರಿಕ ಕತ್ತಿ ಮಸೆದು, "ತಂದಿ ಯಾವಾಗ ಹೋದರ್ರಿ?" ಎಂದ.

"ಅದಾನ" ಎಂದ ವಿರುಪಣ್ಣ.

ಕ್ಷೌರಿಕ ಕತ್ತಿ ಮಡಚಿದ. "ಹಂಗಾದ್ರ ನಾ ಮುಟ್ಟಂಗಿಲ್ಲರಿ. ಬದುಕಿದ್ದಾಂವನ ಮಗನ ಮೀಸಿ ತೆಗೆದ ಪಾಪ ನನಗ್ಯಾಕ?"

ಬಿಸಿಲು ಇಳಿಯುತ್ತಿತ್ತು. ಬೆಳಕಿಲ್ಲದಿದ್ದರೆ ಫೋಟೋ ಇಲ್ಲ. "ನಿನ್ನೆ ಹೋದರು ಕಣಪ್ಪ. ದುಃಖದಲ್ಲಿ ಏನೋ ಹೇಳುತ್ತಾನೆ" ಎಂದುಬಿಟ್ಟೆ.

ಕ್ಷೌರಿಕನ ದನಿಯೇ ಬದಲಾಯಿತು. ಯಾವ ಊರು, ಯಾರ ಮಗ ಎಂದು ಮೆತ್ತಗೆ ಕೇಳಿಕೊಂಡ. ಮೆಟ್ರಿ, ಹನುಮಪ್ಪ ಎಂದು ನಾನೇ ಹೇಳಿದೆ. ಕತ್ತಿ ಆಡಿಸುತ್ತಾ, ನಾಳೆ ಸೊಂಡೂರಿನ ಸಂತೆಗೆ ಹೋಗುವವನಿದ್ದೇನೆ ಎಂದೂ ಅಂದ. ನಾನು ಅವಸರದಲ್ಲಿದ್ದೆ. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮತ್ತೆ ಮೆಟ್ರಿ

ವಿರುಪಣ್ಣನ ಹಲ್ಲುನೋವು ಊರಿಗೆಲ್ಲ ಚಿಂತೆಯಾಯಿತು. ಲವಂಗ ಬಂತು, ಬೇವಿನ ತೊಗಟೆ ಬಂತು, ಒಬ್ಬಳು ಕಾದ ಇಟ್ಟಿಗೆಯನ್ನೇ ಬಟ್ಟೆಯಲ್ಲಿ ಕಟ್ಟಿ ತಂದಳು. ಅವನು ಟವಲು ಬಿಚ್ಚದೆ ಎಲ್ಲವನ್ನೂ ಸಹಿಸಿದ. ನಾಲ್ಕನೆಯ ದಿನ ಹನುಮಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ, "ನಾಳೆ ಕಂಪ್ಲಿಗೆ ಹೋಗಿ ಆ ಹಲ್ಲು ಕೀಳಿಸಿಬಿಡೂಣು" ಎಂದ. ವಿರುಪಣ್ಣ ನನ್ನ ಮುಖ ನೋಡಿದ. ನಾನು ಪೆಟ್ಟಿಗೆಯ ತಿದಿ ನೋಡಿದೆ.

ಆಗ ಊರ ಬಾಗಿಲ ಕಡೆಯಿಂದ ಹೆಂಗಸರು ಅಳುವ ಸದ್ದು ಬಂತು. ಒಂದು ಬಂಡಿ ನಮ್ಮ ಕಡೆಗೇ ಬರುತ್ತಿತ್ತು. ಹನುಮಪ್ಪ ಮಂಡಕ್ಕಿ ಕೆಳಗಿಟ್ಟು ಎದ್ದ. "ಯಾರೋ ಹೋದಂಗ ಐತಿ. ನಡೀರಿ, ಹೆಗಲು ಕೊಡೂಣು" ಎಂದು ಟವಲು ಹೆಗಲಿಗೆ ಹಾಕಿ ಮುಂದೆ ನಡೆದ.

ಬಂಡಿ ನಿಂತಿತು. ಹೊಸ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟು ಎದೆಗವಚಿಕೊಂಡು ಒಬ್ಬ ತಲೆ ತಗ್ಗಿಸಿ ಇಳಿದ.

"ಯಾರು ಹೋದ್ರಪ್ಪ?" ಎಂದು ಹನುಮಪ್ಪ ಮರುಕದಿಂದ ಕೇಳಿದ.

ಆ ಮನುಷ್ಯ ತಲೆಯೆತ್ತಿದ. ತಿಪ್ಪಣ್ಣ. ಬಹಳ ಹೊತ್ತು ನೋಡಿದ.

"ನೀನ" ಎಂದ.

ಬಂಡಿಯಲ್ಲಿದ್ದ ಹೆಂಗಸರ ಅಳು ಅರ್ಧಕ್ಕೆ ನಿಂತಿತು. ಒಬ್ಬ ಮುದುಕಿ ಮಾತ್ರ, ಕಿವಿ ಮಂದ ಇರಬೇಕು, ಹನುಮಪ್ಪನ ಗುಣಗಳನ್ನು ಹೇಳಿ ಅಳುತ್ತಲೇ ಇದ್ದಳು.

ಹನುಮಪ್ಪ ಗಂಟನ್ನು ತೆಗೆದುಕೊಂಡು ಬಿಚ್ಚಿದ. ಅಜ್ಜನ ಖಡ್ಗ. ಅಣ್ಣನ ಗೋರಿಯ ಮೇಲೆ ಇಡಲು ತಂದದ್ದು. ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು, ಹಿಡಿಯಿಂದ ತುದಿಯವರೆಗೆ ಎಣ್ಣೆಯ ಪಸೆ. ಹನ್ನೆರಡು ವರ್ಷ ಅದು ಅಟ್ಟದ ಮೇಲೆಲ್ಲೋ ಬಿದ್ದಿರಲಿಲ್ಲ. ಹನುಮಪ್ಪ ಅದರ ಮೇಲೆ ಬೆರಳಾಡಿಸಿ, ಆಮೇಲೆ ತಮ್ಮನ ಮುಖವನ್ನು ಸರಿಯಾಗಿ ನೋಡಿದ. ಅಲ್ಲಿ ಮೀಸೆ ಇರಲಿಲ್ಲ.

"ನನ ಸಲುವಾಗಿ ತೆಗೆದಿಯೇನಲೇ?"

"ಅಪ್ಪ ಹೋದಮ್ಯಾಲೆ ಅಪ್ಪನ ಜಾಗಾದಾಗ ನೀನ ಇದ್ದಿ. ಮತ್ಯಾರಿಗೆ ತೆಗೀಲಿ?"

ಇಬ್ಬರು ಮುದುಕರೂ ನಡುಬೀದಿಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ವಿರುಪಣ್ಣ ಕಣ್ಣೊರೆಸಿಕೊಳ್ಳಲು ಹೋಗಿ ಟವಲು ಬಿಚ್ಚಿದ. ಎಲ್ಲರ ಕಣ್ಣೂ ಅವನ ತುಟಿಯ ಮೇಲೆ, ಅಲ್ಲಿಂದ ನನ್ನ ತುಟಿಯ ಮೇಲೆ ಬಂದು ನಿಂತವು. ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಒಪ್ಪಿಕೊಂಡೆ.

ಖಡ್ಗ ಹನುಮಪ್ಪನ ಕೈಯಲ್ಲೇ ಇತ್ತು, ಅದನ್ನೂ ಹೇಳಬೇಕು.

"ಮಾಸ್ತರ, ನನ್ನ ಕೊಂದ್ರಿ ನೀವು" ಎಂದ. ಮೂಗೊರೆಸಿಕೊಂಡ. "ಭಾಳ ಚಲೋ ಮಾಡಿದ್ರಿ. ಕುಂದ್ರಿ, ಮಂಡಕ್ಕಿ ತಿನ್ರಿ."

ಹಂಪಿ

ರಾಜ ಯಾರು ಎಂಬ ಪ್ರಶ್ನೆ ಮತ್ತೆ ಎದ್ದಿತು. ಈ ಸಲ ಅಣ್ಣ ತಮ್ಮನಿಗೆ, ತಮ್ಮ ಅಣ್ಣನಿಗೆ ನೀನಾಗು ಎಂದು ಜಗಳ. ಕೊನೆಗೆ ಹನುಮಪ್ಪ ಕಾನೂನು ಹೇಳಿದ: "ನಾ ಸತ್ತೀನಿ ಅಂತ ಸೀಮಿಗೆಲ್ಲ ಗೊತ್ತೈತಿ. ಸತ್ತವನ ಕಿರೀಟ ತಮ್ಮಗ ಹೋಗಬೇಕು." ರಾಜನಿಗೆ ಮೀಸೆ ಬೇಕಲ್ಲ, ದೀಪದ ಕಾಡಿಗೆಯಲ್ಲಿ ಬರೆಯುವುದೆಂದಾಯಿತು. ಹೀಗೆ ರಾಣಿಯ ಮೀಸೆ ತೆಗೆಸಲು ಹೋಗಿ ರಾಜನಿಗೆ ಮೀಸೆ ಬರೆಯುವ ಕೆಲಸ ನನಗೇ ಬಂತು.

ಹೊತ್ತು ಮುಳುಗುವಾಗ ಕಲ್ಲುಬಂಡೆಗಳ ಮೇಲೆಲ್ಲ ಜನ. ಮಾತಿನಂತೆ ಹನುಮಪ್ಪ ಮೊದಲು ಅಟ್ಟ ಹತ್ತಿದ. ನಾಲ್ಕೂ ಕಡೆ ತಿರುಗಿ ಮುಖ ತೋರಿಸಿದ. "ನಾ ಇದ್ದೀನ್ರೆಪಾ. ಆಟ ಸುರು ಮಾಡ್ರಿ" ಎಂದ. ಚಿತ್ತವಾಡ್ಗಿಯ ಕ್ಷೌರಿಕ ಮುಂದಿನ ಸಾಲಿನಲ್ಲೇ ಕೂತಿದ್ದ. ಅವನು ಹನುಮಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಾನು ಜೋರಾಗಿ ಶ್ರುತಿ ಹಿಡಿದೆ.

ವಿರುಪಣ್ಣ ಹಾಡಿದ. ಸೆರಗು ಎರಡೂ ಕೈಗಳಿಂದ ಬಿಟ್ಟು ಹಾಡಿದ. ಆ ಮುಖ, ಆ ಕಂಠ ಒಟ್ಟಿಗೆ ಸಿಕ್ಕಾಗ ಬಂಡೆಗಳ ಮೇಲಿದ್ದ ಸಾವಿರ ಜನ ಉಸಿರು ಬಿಗಿಹಿಡಿದರು. ನನ್ನ ಹಟದಲ್ಲಿ ಅಷ್ಟು ಮಾತ್ರ ಸರಿಯಾಗಿತ್ತು ಎಂದು ಈಗಲೂ ವಾದಿಸುತ್ತೇನೆ. ತಿಪ್ಪಣ್ಣನ ಕಾಡಿಗೆಯ ಮೀಸೆ ಬೆವರಿಗೆ ಕರಗಿ ಗದ್ದಕ್ಕೆ ಇಳಿದು ಗಡ್ಡವಾಯಿತು. ಅಟ್ಟದ ಪಕ್ಕದಲ್ಲಿ ಕೂತಿದ್ದ ಹನುಮಪ್ಪ, ರಾಜನ ಒಂದೊಂದು ಮಾತನ್ನೂ ಬಾಯೊಳಗೇ ಆಡುತ್ತಿದ್ದ.

ಮೈಸೂರು

ಮೆಟ್ರಿಯ ಆ ದಿನದಿಂದ ನಾನು ಮೂಗಿನ ಕೆಳಗೆ ಕತ್ತಿ ತಾಗಿಸಿರಲಿಲ್ಲ. ಹಂಪಿಯ ಆಟ ಮುಗಿಸಿ, ಕಡ್ಡಿರಾಂಪುರದ ಗಂಗಮ್ಮನಿಗೆ ನಿಜ ಹೇಳಿ ಅವಳಿಂದ ಬೈಗುಳ ತಿಂದು, ರೈಲು ಹತ್ತಿ ಮೈಸೂರಿನಲ್ಲಿ ಇಳಿಯುವ ಹೊತ್ತಿಗೆ ಅಲ್ಲೊಂದು ಇರುವೆ ಸಾಲಿನಂಥದು ಬಂದಿತ್ತು. ನನ್ನ ಬೀದಿಗೆ ಹೋಗಲಿಲ್ಲ. ಪೆಟ್ಟಿಗೆಯನ್ನು ಬಾಗಿಲ ಹೊರಗೆ ಬಿಸಿಲಿನಲ್ಲಿ ಇಟ್ಟು ತಂದೆಯ ಮನೆಯ ಕದ ತಟ್ಟಿದೆ.

ಅವರೇ ತೆರೆದರು. ಮೂರು ವರ್ಷದಲ್ಲಿ ಕುಗ್ಗಿದ್ದರು. ತಲೆಯಿಂದ ಕಾಲಿನವರೆಗೆ ನೋಡಿ, ಮೂಗಿನ ಕೆಳಗೆ ಬಂದು ನಿಂತರು.

"ಏನೋ ಅದು ಮೂತಿ ಮೇಲೆ?" ಎಂದರು.

"ನೀವಿದ್ದೀರಿ ಅನ್ನೋದಕ್ಕೆ ಗುರುತು, ಅಪ್ಪ" ಎಂದೆ.

ಅವರಿಗೆ ಅದು ಅರ್ಥವಾಗುವುದು ಸಾಧ್ಯವಿರಲಿಲ್ಲ. ಆದರೂ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ನಾನು ಒಳಗೆ ಕಾಲಿಟ್ಟ ಮೇಲೆ, ಹೊರಗೆ ಇಣುಕಿ ನೋಡಿ ಹೇಳಿದರು:

"ಆ ಪೆಟ್ಟಿಗೇನೂ ಒಳಗೆ ತಗೊಂಡು ಬಾ. ಬಿಸಿಲಿಗೆ ಶ್ರುತಿ ಕೆಡುತ್ತೆ."